ಗಾಳಿಯಲ್ಲಿ ಹಾರುವ ವಿಮಾನ: ಸಾಪೇಕ್ಷ ವೇಗದ ಲೆಕ್ಕಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಪಿಯುಸಿ ಭೌತಶಾಸ್ತ್ರ ಓದುವವರು, ಸಿಇಟಿ ಬರೆಯುವವರು, ಪೈಲಟ್ ಲೈಸೆನ್ಸಿಗಾಗಿ ಏರ್ ನ್ಯಾವಿಗೇಷನ್ ಪತ್ರಿಕೆಗೆ ಕೂರುವವರು, ಎಲ್ಲರೂ ಈ ಲೆಕ್ಕದಲ್ಲಿ ಎಡವುವುದು ಹೆಚ್ಚುಕಡಿಮೆ ಒಂದೇ ಜಾಗದಲ್ಲಿ. ಗಣಿತ ಕಷ್ಟವಿಲ್ಲ, ಹತ್ತನೇ ತರಗತಿಯ ತ್ರಿಕೋನಮಿತಿ ಬಂದರೆ ಸಾಕು. ತಪ್ಪು ಆಗುವುದು ಚಿತ್ರ ಬಿಡಿಸುವಾಗ. ಅದಕ್ಕೇ ಕೆಳಗಿನ ಉತ್ತರಗಳಲ್ಲಿ ಸೂತ್ರಕ್ಕಿಂತ ಚಿತ್ರದ ಮಾತು ಹೆಚ್ಚು. ಓದುವಾಗ ಪಕ್ಕದಲ್ಲಿ ಕಾಗದ, ಪೆನ್ಸಿಲ್ ಇರಲಿ.

ಒಂದೇ ವಿಮಾನಕ್ಕೆ ಮೂರು ವೇಗ ಯಾಕೆ?

ವಿಮಾನಕ್ಕೆ ಗೊತ್ತಿರುವುದು ತನ್ನ ಸುತ್ತಲಿನ ಗಾಳಿ ಮಾತ್ರ. ಎಂಜಿನ್ ಅದನ್ನು ಗಾಳಿಯೊಳಗೆ ಮುಂದಕ್ಕೆ ತಳ್ಳುತ್ತದೆ. ಈ ವೇಗದ ದಿಕ್ಕು ಮೂತಿ ನೋಡುವ ದಿಕ್ಕು, ಅಂದರೆ ಹೆಡಿಂಗ್. ಅದರ ಜವವೇ ಏರ್‌ಸ್ಪೀಡ್. ಆ ಗಾಳಿಯ ರಾಶಿಯೇ ನೆಲದ ಮೇಲೆ ಸರಿಯುತ್ತಿರುತ್ತದೆ, ಅದು ಎರಡನೆಯ ವೇಗ. ಇವೆರಡೂ ಸೇರಿ ನೆಲದ ಮೇಲೆ ನಿಂತವರಿಗೆ ಕಾಣುವುದು ಮೂರನೆಯದು. ಅದರ ದಿಕ್ಕು ಟ್ರ್ಯಾಕ್, ಅದರ ಜವ ಗ್ರೌಂಡ್‌ಸ್ಪೀಡ್.

ನೆಲಕ್ಕೆ ಸಾಪೇಕ್ಷವಾದ ವೇಗ = ಗಾಳಿಗೆ ಸಾಪೇಕ್ಷವಾದ ವೇಗ + ಗಾಳಿಯ ವೇಗ

ಇದು ಸದಿಶಗಳ (ಜವದ ಜೊತೆ ದಿಕ್ಕೂ ಇರುವ ವೇಗಗಳ) ಸಂಕಲನ, ಬರೀ ಸಂಖ್ಯೆಗಳದ್ದಲ್ಲ. ಮೂರು ಸದಿಶಗಳಿಗೆ ಒಟ್ಟು ಆರು ಅಂಶ: ಮೂರು ದಿಕ್ಕು, ಮೂರು ಜವ. ಯಾವ ಪ್ರಶ್ನೆ ಬಂದರೂ ನಾಲ್ಕು ಕೊಟ್ಟಿರುತ್ತಾರೆ, ಎರಡು ಕೇಳಿರುತ್ತಾರೆ. ಪ್ರಶ್ನೆ ಓದಿದ ಕೂಡಲೇ ಆರು ಖಾನೆಯ ಪಟ್ಟಿ ಹಾಕಿ, ಕೊಟ್ಟದ್ದನ್ನು ತುಂಬಿಸಿ. ಇದೊಂದು ಅಭ್ಯಾಸ ಕೈಗೆ ಹತ್ತಿದರೆ ಅರ್ಧ ತಪ್ಪುಗಳು ತಾವಾಗಿಯೇ ನಿಲ್ಲುತ್ತವೆ.

"ಗಾಳಿ 270 ಡಿಗ್ರಿ, 25 ನಾಟ್" ಅಂದರೆ ಬಾಣದ ಗುರುತು ಯಾವ ಕಡೆಗೆ ಹಾಕಬೇಕು?

ಪೂರ್ವಕ್ಕೆ. ಹವಾಮಾನ ವರದಿಯಲ್ಲಿ ಗಾಳಿಗೆ ಹೇಳುವುದು ಅದು ಎಲ್ಲಿಂದ ಬೀಸುತ್ತದೆ ಎಂಬ ದಿಕ್ಕು. ದಿಕ್ಕನ್ನು ಉತ್ತರದಿಂದ ಪ್ರದಕ್ಷಿಣವಾಗಿ ಅಳೆಯುತ್ತಾರೆ, ಆದ್ದರಿಂದ 270 ಎಂದರೆ ಪಶ್ಚಿಮದಿಂದ ಬರುವ ಗಾಳಿ, ಅದರ ಬಾಣ 90 ಡಿಗ್ರಿಯ ಕಡೆಗೆ. (ನಾಟ್ ಎಂದರೆ ಗಂಟೆಗೆ ಒಂದು ನಾಟಿಕಲ್ ಮೈಲು, 1.852 ಕಿ.ಮೀ.) ವಿಮಾನದ ಹೆಡಿಂಗ್, ಟ್ರ್ಯಾಕ್ ಮಾತ್ರ ಎಲ್ಲಿಗೆ ಎಂಬುದನ್ನೇ ಹೇಳುತ್ತವೆ. ಪಠ್ಯಪುಸ್ತಕದ ಲೆಕ್ಕದಲ್ಲಿ ಕೆಲವೊಮ್ಮೆ "ಗಾಳಿ ಪೂರ್ವದ ಕಡೆಗೆ ಬೀಸುತ್ತಿದೆ" ಎಂದೇ ಇರುತ್ತದೆ. ಆಗ 180 ಕೂಡಿಸುವ ಗೋಜಿಲ್ಲ. "ಇಂದ" ಮತ್ತು "ಕಡೆಗೆ" ಎಂಬ ಪದಗಳಿಗೆ ಪ್ರಶ್ನೆಯಲ್ಲೇ ಅಡಿಗೆರೆ ಎಳೆಯಿರಿ.

ಮೂತಿ ಉತ್ತರಕ್ಕೆ ಇಟ್ಟರೂ ಒಂದೇ, ಉತ್ತರಕ್ಕೆ ಹೋಗಬೇಕೆಂದರೂ ಒಂದೇ ಅಲ್ಲವೇ?

ಅಲ್ಲ. ಅತಿ ಹೆಚ್ಚು ಅಂಕ ಹೋಗುವುದು ಇಲ್ಲೇ, ಆದ್ದರಿಂದ ನಿಧಾನವಾಗಿ ನೋಡೋಣ. ಏರ್‌ಸ್ಪೀಡ್ 120 ನಾಟ್, ಪಶ್ಚಿಮದಿಂದ 30 ನಾಟ್ ಗಾಳಿ ಎಂದಿಟ್ಟುಕೊಳ್ಳಿ.

ಮೊದಲನೆಯದು, ಪೈಲಟ್ ಮೂತಿಯನ್ನು ನೇರ ಉತ್ತರಕ್ಕೆ ಇಟ್ಟು ಸುಮ್ಮನಿದ್ದಾರೆ. ಉತ್ತರಕ್ಕೆ 120ರ ಬಾಣ ಎಳೆಯಿರಿ. ಅದರ ತುದಿಯಿಂದ ಪೂರ್ವಕ್ಕೆ 30ರ ಬಾಣ. ಆರಂಭದ ಬಿಂದುವಿನಿಂದ ಕೊನೆಗೆ ಎಳೆದ ಗೆರೆ ಗ್ರೌಂಡ್‌ಸ್ಪೀಡ್. ಇಲ್ಲಿ ಲಂಬಕೋನ 120 ಮತ್ತು 30ರ ನಡುವೆ ಇದೆ, ಕರ್ಣ ಎಂದರೆ ಗ್ರೌಂಡ್‌ಸ್ಪೀಡ್. √(14400 + 900) = 123.7 ನಾಟ್. ಟ್ಯಾನ್ ಬೆಲೆ 30/120, ಕೋನ 14.0 ಡಿಗ್ರಿ. ವಿಮಾನ ಹೋಗುವುದು ಉತ್ತರದಿಂದ 14 ಡಿಗ್ರಿ ಪೂರ್ವಕ್ಕೆ ವಾಲಿದ ದಾರಿಯಲ್ಲಿ.

ಎರಡನೆಯದು, ವಿಮಾನ ನೆಲದ ಮೇಲೆ ನೇರ ಉತ್ತರಕ್ಕೇ ಸಾಗಬೇಕು. ಈಗ ಉತ್ತರದ ಗೆರೆ ಗ್ರೌಂಡ್‌ಸ್ಪೀಡ್‌ನದು, ಅದರ ಉದ್ದ ಗೊತ್ತಿಲ್ಲ. 120ರ ಬಾಣ ಪಶ್ಚಿಮಕ್ಕೆ ಓರೆಯಾಗಿ ಹೊರಡುತ್ತದೆ, ಗಾಳಿಯ 30 ಅದನ್ನು ಉತ್ತರದ ಗೆರೆಗೆ ತಂದು ಸೇರಿಸುತ್ತದೆ. ಲಂಬಕೋನ ಈಗ ಗಾಳಿ ಮತ್ತು ಗ್ರೌಂಡ್‌ಸ್ಪೀಡ್ ನಡುವೆ ಇದೆ, ಕರ್ಣ 120. ಆದ್ದರಿಂದ √(14400 − 900) = 116.2 ನಾಟ್. ಸೈನ್ ಬೆಲೆ 30/120, ಕೋನ 14.5 ಡಿಗ್ರಿ. ಹೆಡಿಂಗ್ 360 − 14.5, ಅಂದರೆ 345.5.

ಕೋನಗಳಲ್ಲಿ ಅರ್ಧ ಡಿಗ್ರಿಯದೇ ವ್ಯತ್ಯಾಸ. ಅದಕ್ಕೇ ತಪ್ಪು ಮಾಡಿದರೂ ಉತ್ತರ ಸರಿಯಾಗಿದ್ದಂತೆ ಕಾಣುತ್ತದೆ. ಜವವನ್ನು ನೋಡಿದರೆ ಗುಟ್ಟು ಬಯಲು: ಒಂದರಲ್ಲಿ 120 ಮೀರಿದೆ, ಇನ್ನೊಂದರಲ್ಲಿ ಕಡಿಮೆ. ಟ್ರ್ಯಾಕಿಗೆ ಲಂಬವಾದ ಗಾಳಿಯನ್ನು ತಡೆದು ನೇರ ದಾರಿ ಹಿಡಿದರೆ ಏರ್‌ಸ್ಪೀಡ್‌ನ ಒಂದು ಪಾಲು ಅದಕ್ಕೇ ಖರ್ಚಾಗುತ್ತದೆ, ಗ್ರೌಂಡ್‌ಸ್ಪೀಡ್ ಇಳಿಯಲೇಬೇಕು.

ಗಾಳಿ ಓರೆಯಾಗಿ ಬಂದರೆ ಪೈಥಾಗೊರಸ್ ನಡೆಯುವುದಿಲ್ಲವಲ್ಲ, ಆಗ?

ಗಾಳಿಯನ್ನು ಟ್ರ್ಯಾಕಿನ ಉದ್ದಕ್ಕೆ ಒಂದು ಘಟಕ, ಅಡ್ಡಕ್ಕೆ ಒಂದು ಘಟಕ ಎಂದು ಒಡೆಯಿರಿ. ಎಕ್ಸ್ ಅಕ್ಷ ಪೂರ್ವಕ್ಕೇ ಇರಬೇಕೆಂಬ ನಿಯಮವೇನಿಲ್ಲ. ಹೋಗಬೇಕಾದ ದಾರಿಯನ್ನೇ ಅಕ್ಷ ಮಾಡಿಕೊಂಡರೆ ಲೆಕ್ಕ ನಾಲ್ಕು ಸಾಲಿಗೆ ಮುಗಿಯುತ್ತದೆ.

ಉದಾಹರಣೆಗೆ ಬೆಂಗಳೂರಿನ ಜಕ್ಕೂರು ಏರೋಡ್ರೋಮಿನಿಂದ ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣಕ್ಕೆ ಸರಳರೇಖೆಯಲ್ಲಿ ಸುಮಾರು 75 ನಾಟಿಕಲ್ ಮೈಲು, ದಿಕ್ಕು ಸುಮಾರು 227 ಡಿಗ್ರಿ. (ನಿಜವಾದ ಹಾರಾಟದಲ್ಲಿ ದಾರಿ ಏರ್ ಟ್ರಾಫಿಕ್ ಕಂಟ್ರೋಲ್ ಕೊಟ್ಟಂತೆ. ಇಲ್ಲಿ ನೇರ ಗೆರೆಯನ್ನೇ ಹಿಡಿಯೋಣ.) ಸಣ್ಣ ವಿಮಾನ, ಟ್ರೂ ಏರ್‌ಸ್ಪೀಡ್ (ಗಾಳಿಗೆ ಸಾಪೇಕ್ಷವಾದ ನಿಜವಾದ ಜವ) 110 ನಾಟ್. ಮುಂಗಾರಿನ ಪಡುವಣ ಗಾಳಿ, 270 ಡಿಗ್ರಿಯಿಂದ 25 ನಾಟ್.

ಟ್ರ್ಯಾಕ್ ಮತ್ತು ಗಾಳಿ ಬರುವ ದಿಕ್ಕಿನ ನಡುವಿನ ಕೋನ 270 − 227 = 43 ಡಿಗ್ರಿ.

ಅಡ್ಡಗಾಳಿ: 25 × ಸೈನ್ 43 = 17.05 ನಾಟ್.
ಎದುರುಗಾಳಿ: 25 × ಕೊಸೈನ್ 43 = 18.3 ನಾಟ್.

ಅಡ್ಡಗಾಳಿಯನ್ನು ಪೂರ್ತಿ ರದ್ದು ಮಾಡುವಷ್ಟು ಮೂತಿ ತಿರುಗಿಸಬೇಕು. ತಿದ್ದುಪಡಿ ಕೋನದ ಸೈನ್ = 17.05/110 = 0.155, ಕೋನ 8.9 ಡಿಗ್ರಿ. 227ಕ್ಕೆ ಮುಖ ಮಾಡಿದವರಿಗೆ 270 ಬಲಗಡೆ ಬರುತ್ತದೆ, ಗಾಳಿ ಬಲದಿಂದ ತಳ್ಳುತ್ತದೆ, ಮೂತಿ ಬಲಕ್ಕೇ ತಿರುಗಬೇಕು. ಹೆಡಿಂಗ್ 227 + 8.9, ಸುಮಾರು 236 ಡಿಗ್ರಿ.

ಗ್ರೌಂಡ್‌ಸ್ಪೀಡ್ = 110 × ಕೊಸೈನ್ 8.9 − 18.3 = 108.7 − 18.3 = 90.4 ನಾಟ್.

ಸಮಯ 75/90.4 ಗಂಟೆ, ಸುಮಾರು 50 ನಿಮಿಷ.

ಇಲ್ಲಿ ಎರಡು ತಪ್ಪು ಮತ್ತೆ ಮತ್ತೆ ಕಾಣುತ್ತವೆ. 110ರಿಂದ ನೇರವಾಗಿ 18.3 ಕಳೆದು 91.7 ಎಂದು ಬರೆಯುವುದು ಒಂದು. ಮೂತಿ ಓರೆಯಾದಾಗ 110 ಪೂರ್ತಿಯಾಗಿ ದಾರಿಯ ಉದ್ದಕ್ಕೆ ಸಿಗುವುದಿಲ್ಲ, ಅದರ ಕೊಸೈನ್ ಪಾಲು ಮಾತ್ರ ಸಿಗುತ್ತದೆ. ಗಾಳಿ ಬಲದಿಂದ ಬಂದರೆ ಮೂತಿಯನ್ನು ಎಡಕ್ಕೆ ತಿರುಗಿಸುವುದು ಇನ್ನೊಂದು. ಮೂತಿ ಯಾವಾಗಲೂ ಗಾಳಿ ಬರುವ ಕಡೆಗೇ ವಾಲಬೇಕು.

ಹೋಗುವಾಗ ಕಳೆದ ಸಮಯ ವಾಪಸ್ ಬರುವಾಗ ಸಿಕ್ಕಿ ಸರಿಹೋಗುತ್ತದೆಯೇ?

ಸರಿಹೋಗುವುದಿಲ್ಲ. ಅದೇ ಗಾಳಿಯಲ್ಲಿ ಮೈಸೂರಿನಿಂದ ಜಕ್ಕೂರಿಗೆ ಟ್ರ್ಯಾಕ್ 47. ಈಗ 18.3 ನಾಟ್ ಹಿಂದಿನಿಂದ ತಳ್ಳುತ್ತದೆ, ಅಡ್ಡಗಾಳಿ ಎಡದಿಂದ. ಹೆಡಿಂಗ್ 38, ಗ್ರೌಂಡ್‌ಸ್ಪೀಡ್ 108.7 + 18.3 = 127 ನಾಟ್, ಸಮಯ ಸುಮಾರು 35.4 ನಿಮಿಷ. ಎರಡೂ ಸೇರಿ 85.2 ನಿಮಿಷ. ಗಾಳಿಯೇ ಇಲ್ಲದಿದ್ದರೆ 150/110 ಗಂಟೆ, ಅಂದರೆ 81.8 ನಿಮಿಷ ಸಾಕಾಗುತ್ತಿತ್ತು.

ಕಾರಣ ಸರಳ: ಎದುರುಗಾಳಿಯಲ್ಲಿ ಹೆಚ್ಚು ಹೊತ್ತು ಇರುತ್ತೀರಿ, ಹಿಂದಿನ ಗಾಳಿಯಲ್ಲಿ ಕಡಿಮೆ ಹೊತ್ತು. ನಷ್ಟ ಮಾಡುವ ಗಾಳಿಗೆ ಹೆಚ್ಚು ಸಮಯ ಸಿಗುತ್ತದೆ. ಗ್ರೌಂಡ್‌ಸ್ಪೀಡ್‌ಗಳ ಸರಾಸರಿ ತೆಗೆದು ದೂರವನ್ನು ಭಾಗಿಸಿದರೆ ಉತ್ತರ ತಪ್ಪುವುದು ಇದಕ್ಕೇ.

ಅಡ್ಡಗಾಳಿ ಮಾತ್ರ ಇದ್ದರೂ ಹೋಗಿಬರುವ ಸಮಯ ಹೆಚ್ಚೇ. ಏರ್‌ಸ್ಪೀಡ್ ಗಂಟೆಗೆ 200 ಕಿ.ಮೀ., ಗಾಳಿ 50, ಒಂದು ಕಡೆಯ ದೂರ 300 ಕಿ.ಮೀ. ಎನ್ನಿ. ಗಾಳಿ ಉದ್ದಕ್ಕೆ ಇದ್ದರೆ 300/150 + 300/250 = 3.2 ಗಂಟೆ. ಪೂರ್ತಿ ಅಡ್ಡಕ್ಕೆ ಇದ್ದರೆ 600/193.6 = 3.1 ಗಂಟೆ. ಗಾಳಿ ಇಲ್ಲದಿದ್ದರೆ 3 ಗಂಟೆ. ಈ 3.2 ಮತ್ತು 3.1ರ ನಡುವಿನ ಅಂತರವನ್ನೇ 1887ರಲ್ಲಿ ಮೈಕೆಲ್‌ಸನ್ ಮತ್ತು ಮಾರ್ಲಿ ಬೆಳಕಿನಲ್ಲಿ ಹುಡುಕಿದರು. ಗಾಳಿಯ ಜಾಗದಲ್ಲಿ ಅವರು ಇಟ್ಟದ್ದು ಈಥರ್, ಬೆಳಕು ಸಾಗಲು ಬೇಕೆಂದು ಆಗ ನಂಬಿದ್ದ ಮಾಧ್ಯಮ. ಅಂತರ ಸಿಗಲಿಲ್ಲ, ಭೌತಶಾಸ್ತ್ರದ ದಿಕ್ಕೇ ಬದಲಾಯಿತು. ಪಿಯುಸಿಯ ಒಂದು ಲೆಕ್ಕ ಅಷ್ಟು ದೂರ ಕರೆದೊಯ್ಯುತ್ತದೆ ಎಂಬುದು ಖುಷಿಯ ವಿಷಯ.

ಗಾಳಿಯನ್ನೇ ಕಂಡುಹಿಡಿಯಲು ಕೇಳಿದರೆ?

ಇದೇ ಎಲ್ಲಕ್ಕಿಂತ ಸುಲಭ, ಏಕೆಂದರೆ ಎರಡು ಸದಿಶಗಳು ಪೂರ್ತಿ ಗೊತ್ತು. ಗಾಳಿ = ನೆಲದ ವೇಗ − ಗಾಳಿಗೆ ಸಾಪೇಕ್ಷವಾದ ವೇಗ. ಹೆಡಿಂಗ್ 90, ಏರ್‌ಸ್ಪೀಡ್ 120 ನಾಟ್. ಜಿಪಿಎಸ್ ತೋರಿಸುವ ಟ್ರ್ಯಾಕ್ 100, ಗ್ರೌಂಡ್‌ಸ್ಪೀಡ್ 130 ಎನ್ನಿ. ಪೂರ್ವ, ಉತ್ತರ ಘಟಕಗಳು:

ನೆಲದ ವೇಗ: ಪೂರ್ವಕ್ಕೆ 130 × ಸೈನ್ 100 = 128.0, ಉತ್ತರಕ್ಕೆ 130 × ಕೊಸೈನ್ 100 = −22.6.
ಗಾಳಿಗೆ ಸಾಪೇಕ್ಷ: ಪೂರ್ವಕ್ಕೆ 120, ಉತ್ತರಕ್ಕೆ 0.
ಕಳೆದರೆ ಗಾಳಿ: ಪೂರ್ವಕ್ಕೆ 8.0, ದಕ್ಷಿಣಕ್ಕೆ 22.6.

ಜವ √(8.0² + 22.6²) = 24 ನಾಟ್. ಬೀಸುವುದು ದಕ್ಷಿಣ ದಿಕ್ಕಿಗಿಂತ 19.6 ಡಿಗ್ರಿ ಪೂರ್ವಕ್ಕೆ ವಾಲಿದ ಕಡೆಗೆ, ಅಂದರೆ 160ರ ಕಡೆಗೆ. ವರದಿಯ ಭಾಷೆಯಲ್ಲಿ 340ರಿಂದ 24 ನಾಟ್.

ಮೇಲೆ ಪೂರ್ವ ಘಟಕಕ್ಕೆ ಸೈನ್ ಹಾಕಿದ್ದೀರಿ. ಎಕ್ಸ್ ಘಟಕಕ್ಕೆ ಕೊಸೈನ್ ಅಲ್ಲವೇ?

ಗಣಿತದ ತರಗತಿಯಲ್ಲಿ ಕೋನವನ್ನು ಪೂರ್ವದಿಂದ ಅಪ್ರದಕ್ಷಿಣವಾಗಿ ಅಳೆಯುತ್ತೇವೆ, ಆಗ ಎಕ್ಸ್‌ಗೆ ಕೊಸೈನ್. ವಿಮಾನದ ದಿಕ್ಕನ್ನು ಅಳೆಯುವುದು ಉತ್ತರದಿಂದ ಪ್ರದಕ್ಷಿಣವಾಗಿ, ಆಗ ಪೂರ್ವಕ್ಕೆ ಸೈನ್, ಉತ್ತರಕ್ಕೆ ಕೊಸೈನ್. ಒಂದೇ ಲೆಕ್ಕದಲ್ಲಿ ಎರಡನ್ನೂ ಬೆರೆಸಬೇಡಿ. "ಉತ್ತರದಿಂದ 30 ಡಿಗ್ರಿ ಪಶ್ಚಿಮಕ್ಕೆ" ಎಂದಿದ್ದರೆ ಮೊದಲು 330 ಎಂದು ಬರೆದುಕೊಂಡು ಮುಂದುವರಿಯಿರಿ. ಜೊತೆಗೆ ಕ್ಯಾಲ್ಕುಲೇಟರ್ ಡಿಗ್ರಿಯಲ್ಲಿದೆಯೇ, ರೇಡಿಯನ್‌ನಲ್ಲಿದೆಯೇ ನೋಡಿ.

ಉತ್ತರವೇ ಇಲ್ಲದ ಲೆಕ್ಕ ಇರುತ್ತದೆಯೇ?

ಇರುತ್ತದೆ. ಗಂಟೆಗೆ 38 ಕಿ.ಮೀ. ಜವದ ಪ್ಯಾರಾಗ್ಲೈಡರ್ ಉತ್ತರಕ್ಕೆ ಹೋಗಬೇಕು, ಪಶ್ಚಿಮದಿಂದ 45 ಕಿ.ಮೀ. ಗಾಳಿ. ಸೈನ್ ಬೆಲೆ 45/38, ಒಂದಕ್ಕಿಂತ ಹೆಚ್ಚು. ಕ್ಯಾಲ್ಕುಲೇಟರ್ "ಎರರ್" ಎನ್ನುವುದೇ ಇಲ್ಲಿ ಸರಿಯಾದ ಉತ್ತರ: ಆ ದಾರಿ ಸಾಧ್ಯವಿಲ್ಲ.

ಸೈನ್ ಬೆಲೆ ಒಂದರೊಳಗೇ ಇದ್ದರೂ ಇನ್ನೊಂದು ಪರೀಕ್ಷೆ ಉಳಿದಿದೆ. ಎದುರುಗಾಳಿ ಘಟಕ ವಿಮಾನದ ಕೊಸೈನ್ ಪಾಲಿಗಿಂತ ದೊಡ್ಡದಾದರೆ ಗ್ರೌಂಡ್‌ಸ್ಪೀಡ್ ಋಣವಾಗುತ್ತದೆ, ಅಂದರೆ ಮೂತಿ ಮುಂದಿದ್ದರೂ ಪಯಣ ಹಿಂದಕ್ಕೆ. ಗಾಳಿ ಏರ್‌ಸ್ಪೀಡ್‌ಗಿಂತ ಹೆಚ್ಚಿದ್ದು ಹಿಂದಿನಿಂದ ಓರೆಯಾಗಿ ಬೀಸಿದರೆ ಒಂದೇ ಟ್ರ್ಯಾಕಿಗೆ ಎರಡು ಹೆಡಿಂಗ್ ಸಿಗುವುದೂ ಉಂಟು. ಏರ್‌ಸ್ಪೀಡ್ ಗಾಳಿಗಿಂತ ಹೆಚ್ಚಿದ್ದರೆ ಉತ್ತರ ಯಾವಾಗಲೂ ಒಂದೇ. ಸೈನ್ ನಿಯಮ ಬಳಸಿದಾಗ ಬರುವ 90 ಮೀರಿದ ತಿದ್ದುಪಡಿ ಕೋನವನ್ನು ಆಗ ಧೈರ್ಯವಾಗಿ ಬಿಡಿ.

ಎರಡು ವಿಮಾನಗಳ ನಡುವಿನ ಸಾಪೇಕ್ಷ ವೇಗ ಕೇಳಿ ಗಾಳಿಯನ್ನೂ ಕೊಟ್ಟಿದ್ದಾರೆ. ಏನು ಮಾಡುವುದು?

ಎರಡೂ ಒಂದೇ ಗಾಳಿಯಲ್ಲಿದ್ದರೆ ಗಾಳಿಯನ್ನು ಮರೆತುಬಿಡಿ. ಕಳೆಯುವಾಗ ಅದು ರದ್ದಾಗುತ್ತದೆ. ಒಂದರ ಹೆಡಿಂಗ್ ಪೂರ್ವ, ಏರ್‌ಸ್ಪೀಡ್ 300. ಇನ್ನೊಂದರದು ಉತ್ತರ, 400. ಗಾಳಿ ಎಷ್ಟೇ ಇರಲಿ ಸಾಪೇಕ್ಷ ಜವ 500. ಒಂದರ ಗ್ರೌಂಡ್‌ಸ್ಪೀಡ್, ಇನ್ನೊಂದರ ಏರ್‌ಸ್ಪೀಡ್ ಕೊಟ್ಟಿದ್ದರೆ ಮಾತ್ರ ಗಾಳಿ ಬೇಕು.

ಹೊಳೆ ದಾಟುವ ದೋಣಿಯ ಲೆಕ್ಕಕ್ಕೂ ಇದಕ್ಕೂ ಏನು ಸಂಬಂಧ?

ತ್ರಿಕೋನ ಒಂದೇ. ತುಂಗಭದ್ರೆಯಲ್ಲಿ ಹರಿಗೋಲು ಹಾಕುವವರು ನೇರ ಎದುರಿನ ದಡಕ್ಕೆ ಸೇರಲು ಹರಿವಿನ ಮೇಲ್ಗಡೆಗೆ ಗುರಿ ಇಡುತ್ತಾರೆ, ಪೈಲಟ್ ಗಾಳಿಯ ಕಡೆಗೆ ಮೂತಿ ಇಟ್ಟಂತೆ. ಪ್ರಶ್ನೆ ಮಾತ್ರ ಬೇರೆ. ದೋಣಿಗೆ "ಅತಿ ಕಡಿಮೆ ಸಮಯ" ಎಂದರೆ ದಡ ಎಲ್ಲಿ ಸಿಕ್ಕಿದರೂ ಸರಿ. ವಿಮಾನಕ್ಕೆ ನಿಗದಿತ ನಿಲ್ದಾಣಕ್ಕೇ ತಲುಪಬೇಕು, ಆದ್ದರಿಂದ ಗಾಳಿ ಎಲ್ಲೆಡೆ ಒಂದೇ ಸಮನಿದ್ದರೆ ತಿದ್ದುಪಡಿ ಮಾಡಿದ ನೇರ ದಾರಿಯೇ ಅತಿ ಕಡಿಮೆ ಸಮಯದ್ದು.

ಮಾನಗಳಲ್ಲಿ ಎಲ್ಲಿ ಎಚ್ಚರ ಬೇಕು?

1 ನಾಟ್ = ಗಂಟೆಗೆ 1.852 ಕಿ.ಮೀ. = ಸೆಕೆಂಡಿಗೆ 0.514 ಮೀಟರ್. ಗಾಳಿ ಸೆಕೆಂಡಿಗೆ ಮೀಟರ್‌ನಲ್ಲಿ, ವಿಮಾನ ಗಂಟೆಗೆ ಕಿ.ಮೀ.ನಲ್ಲಿ ಇದ್ದರೆ ಗಾಳಿಯನ್ನು 3.6ರಿಂದ ಗುಣಿಸಿ ಆಮೇಲೆ ಚಿತ್ರಕ್ಕೆ ಕೈಹಾಕಿ.

ಪೈಲಟ್ ವಿದ್ಯಾರ್ಥಿಗಳಿಗೆ ಇನ್ನೊಂದು ಮಾತು. ಕಾಕ್‌ಪಿಟ್‌ನ ಜವಮಾಪಕ ತೋರಿಸುವ ಜವವನ್ನು ತ್ರಿಕೋನಕ್ಕೆ ಹಾಗೇ ಹಾಕಬೇಡಿ. ಮೇಲೆ ಹೋದಂತೆ ಗಾಳಿ ತೆಳುವಾಗುತ್ತದೆ, ಟ್ರೂ ಏರ್‌ಸ್ಪೀಡ್ ಸಾವಿರ ಅಡಿಗೆ ಸುಮಾರು ಶೇ. 2ರಷ್ಟು ಹೆಚ್ಚುತ್ತದೆ. 8,000 ಅಡಿಯಲ್ಲಿ 100 ನಾಟ್ ತೋರಿಸಿದರೆ ನಿಜವಾದದ್ದು 116ರ ಆಸುಪಾಸು. ದಿಕ್ಕುಗಳೂ ಒಂದೇ ಬಗೆಯವಾಗಿರಲಿ: ಲಿಖಿತ ಹವಾಮಾನ ವರದಿಯ ಗಾಳಿ ಭೌಗೋಳಿಕ ಉತ್ತರದಿಂದ, ಟವರ್ ರೇಡಿಯೋದಲ್ಲಿ ಹೇಳುವ ಗಾಳಿ ಕಾಂತೀಯ ಉತ್ತರದಿಂದ. ಕರ್ನಾಟಕದಲ್ಲಿ ಇವೆರಡರ ಅಂತರ ಒಂದೆರಡು ಡಿಗ್ರಿ ಮಾತ್ರ, ಅಲಾಸ್ಕಾದಲ್ಲಿ ಹತ್ತು ಮೀರುತ್ತದೆ.

ರನ್‌ವೇ ಅಡ್ಡಗಾಳಿಯ ಲೆಕ್ಕ ಹೇಗೆ?

ರನ್‌ವೇ ಸಂಖ್ಯೆಯನ್ನು ಹತ್ತರಿಂದ ಗುಣಿಸಿದರೆ ಅದರ ಕಾಂತೀಯ ದಿಕ್ಕು ಸುಮಾರಾಗಿ ಸಿಗುತ್ತದೆ. ಮಂಗಳೂರಿನ ರನ್‌ವೇ 24 ಎಂದರೆ ಸುಮಾರು 240 ಡಿಗ್ರಿ. ಗಾಳಿ 290ರಿಂದ 18 ನಾಟ್ ಇದ್ದರೆ ಕೋನ 50, ಅಡ್ಡಗಾಳಿ 18 × ಸೈನ್ 50 = 13.8, ಎದುರುಗಾಳಿ 11.6 ನಾಟ್. ಸೆಸ್ನಾ 172 ಎಂಬ ಸಣ್ಣ ವಿಮಾನದ ಕೈಪಿಡಿಯಲ್ಲಿ ಪರೀಕ್ಷಿಸಿ ತೋರಿಸಿದ ಅಡ್ಡಗಾಳಿ 15 ನಾಟ್. 13.8 ಅದರೊಳಗಿದೆ, ಆದರೆ ಗಾಳಿ ರಭಸವಾಗಿ 25ಕ್ಕೆ ಏರಿದರೆ ಅಡ್ಡಗಾಳಿ 19 ಆಗುತ್ತದೆ. ರಭಸದ ಅಂಕಿಯನ್ನೇ ಹಿಡಿದು ಲೆಕ್ಕ ಹಾಕುವುದು ಲೇಸು.

ಬೆಂಗಳೂರಿನಿಂದ ಲಂಡನ್‌ಗೆ ಹೋಗುವಾಗ ಹೆಚ್ಚು ಹೊತ್ತು, ಬರುವಾಗ ಕಡಿಮೆ. ಭೂಮಿ ತಿರುಗುವುದರಿಂದಲೇ?

ನೇರವಾಗಿ ಅಲ್ಲ. ಗಾಳಿಯೂ ಭೂಮಿಯ ಜೊತೆಗೇ ತಿರುಗುತ್ತದೆ. ಕಾರಣ ಮೇಲಿನ ಪಡುವಣ ಜೆಟ್ ಗಾಳಿ; ಚಳಿಗಾಲದಲ್ಲಿ ಉತ್ತರ ಭಾರತದ ಮೇಲೆ ಅದು 100 ನಾಟ್ ಮೀರುವುದು ಸಾಮಾನ್ಯ. ದೂರ ಸುಮಾರು 8,000 ಕಿ.ಮೀ., ಏರ್‌ಸ್ಪೀಡ್ 890, ದಾರಿಯುದ್ದಕ್ಕೂ ಸರಾಸರಿ 60 ಕಿ.ಮೀ. ಎದುರುಗಾಳಿ ಎಂದು ಹಿಡಿದರೆ ಹೋಗಲು 9 ಗಂಟೆ 38 ನಿಮಿಷ, ಬರಲು 8 ಗಂಟೆ 25 ನಿಮಿಷ.

ಗಾಳಿಯನ್ನು ಹಾರುವ ಎತ್ತರದ್ದೇ ತೆಗೆದುಕೊಳ್ಳಬೇಕು. ಮುಂಗಾರಿನಲ್ಲಿ ನಮ್ಮ ನೆಲದ ಮೇಲೆ ಪಡುವಣ ಗಾಳಿ ಬೀಸುವಾಗಲೇ 14-16 ಕಿ.ಮೀ. ಎತ್ತರದಲ್ಲಿ ಪೂರ್ವದಿಂದ ಬಲವಾದ ಜೆಟ್ ಬೀಸುತ್ತಿರುತ್ತದೆ. ಭಾರತದ ಹವಾಮಾನ ವಿಜ್ಞಾನಿ ಪಿ. ಕೋಟೇಶ್ವರಂ 1958ರಲ್ಲಿ ಇದನ್ನು ವಿವರಿಸಿದರು. ನೆಲದ ಗಾಳಿ ಹಿಡಿದು ದೊಡ್ಡ ವಿಮಾನದ ಸಮಯ ಲೆಕ್ಕ ಹಾಕಿದರೆ ಚಿಹ್ನೆಯೇ ತಿರುವುಮುರುವಾದೀತು.

ಉತ್ತರ ಸರಿಯೋ ಎಂದು ಬೇಗ ನೋಡುವ ದಾರಿ ಇದೆಯೇ?

ಅತಿ ಹೆಚ್ಚಿನ ತಿದ್ದುಪಡಿ ಕೋನ = 60 × ಗಾಳಿ ÷ ಏರ್‌ಸ್ಪೀಡ್. ಗಾಳಿಯ ಕೋನ 30 ಇದ್ದರೆ ಅದರ ಅರ್ಧ, 45 ಇದ್ದರೆ 0.7 ಪಾಲು, 60 ದಾಟಿದರೆ ಹೆಚ್ಚುಕಡಿಮೆ ಪೂರ್ತಿ. ಮೈಸೂರಿನ ಲೆಕ್ಕದಲ್ಲಿ 60 × 25/110 = 13.6, ಅದರ 0.7 ಪಾಲು 9.5. ನಿಖರ ಉತ್ತರ 8.9. ನಿಮಗೆ 20 ಬಂದಿದ್ದರೆ ಎಲ್ಲೋ ಎಡವಿದ್ದೀರಿ ಎಂದರ್ಥ.

ಪೈಲಟ್‌ಗಳು ಕೈಯಲ್ಲೇ ಲೆಕ್ಕ ಹಾಕಲು ಬಳಸುವ, ತಿರುಗುವ ಬಿಲ್ಲೆ ಮತ್ತು ಸರಿಸುವ ಪಟ್ಟಿ ಇರುವ ಇ6ಬಿ ಉಪಕರಣದ ಗಾಳಿಯ ಬದಿಯೂ ಇದೇ ತ್ರಿಕೋನ. ಗಾಳಿ ಬರುವ ದಿಕ್ಕನ್ನು ಮೇಲಿನ ಸೂಚಿಗೆ ತಂದು, ನಡುವಿನ ತೂತಿನಿಂದ ಮೇಲಕ್ಕೆ ಗಾಳಿಯ ಜವದಷ್ಟು ದೂರದಲ್ಲಿ ಪೆನ್ಸಿಲ್ ಚುಕ್ಕೆ ಇಡಿ. ಬಿಲ್ಲೆ ತಿರುಗಿಸಿ ಟ್ರ್ಯಾಕನ್ನು ಸೂಚಿಗೆ ತನ್ನಿ. ಚುಕ್ಕೆ ಟ್ರೂ ಏರ್‌ಸ್ಪೀಡ್‌ನ ಕಮಾನಿನ ಮೇಲೆ ಕೂರುವಂತೆ ಪಟ್ಟಿ ಸರಿಸಿ. ತೂತಿನಡಿ ಗ್ರೌಂಡ್‌ಸ್ಪೀಡ್ ಇರುತ್ತದೆ. ಚುಕ್ಕೆ ನಡುಗೆರೆಯಿಂದ ಬಲಕ್ಕೆ ಎಷ್ಟು ಡಿಗ್ರಿ ಸರಿದಿದೆಯೋ ಅಷ್ಟನ್ನು ಟ್ರ್ಯಾಕಿಗೆ ಕೂಡಿಸಿ, ಎಡಕ್ಕಾದರೆ ಕಳೆಯಿರಿ.

ಅಭ್ಯಾಸಕ್ಕೆ ಲೆಕ್ಕ ಕೊಡುತ್ತೀರಾ?

ಟ್ರ್ಯಾಕ್ 150, ದೂರ 120 ನಾಟಿಕಲ್ ಮೈಲು, ಏರ್‌ಸ್ಪೀಡ್ 140 ನಾಟ್, ಗಾಳಿ 60ರಿಂದ 35 ನಾಟ್. ಉತ್ತರ: ಹೆಡಿಂಗ್ 135.5, ಗ್ರೌಂಡ್‌ಸ್ಪೀಡ್ 135.6 ನಾಟ್, ಸಮಯ 53 ನಿಮಿಷ.

ಟ್ರ್ಯಾಕ್ 320, ಏರ್‌ಸ್ಪೀಡ್ 130, ಗಾಳಿ 100ರಿಂದ 20 ನಾಟ್. ಉತ್ತರ: ಹೆಡಿಂಗ್ 325.7, ಗ್ರೌಂಡ್‌ಸ್ಪೀಡ್ 144.7 ನಾಟ್. ಹೆಡಿಂಗ್ 314 ಬಂದಿದ್ದರೆ ಗಾಳಿ ಯಾವ ಕಡೆಯಿಂದ ತಳ್ಳುತ್ತದೆ ಎಂಬುದನ್ನು ಚಿತ್ರದಲ್ಲಿ ಇನ್ನೊಮ್ಮೆ ನೋಡಿ: 100 ಇರುವುದು ನಿಮ್ಮ ಬಲ ಹಿಂಬದಿಗೆ.